ಜಮಖಂಡಿ ಪ್ರದೇಶದ ಹಳೆಯ ಭೂಲಕ್ಷಣ ನಕ್ಷೆಗಳು

ಜಮಖಂಡಿ ಪ್ರದೇಶದ ಹಳೆಯ ಭೂಲಕ್ಷಣ ನಕ್ಷೆಗಳು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಾಮೀಣ ಇತಿಹಾಸವನ್ನು ತಿಳಿಯಲು ನೆರವಾಗುವ ಮುಖ್ಯ ಆಕರಗಳಾಗಿವೆ. ಊರು, ದಾರಿ, ಹಳ್ಳ, ಬಾವಿ, ಗುಡಿ, ಗುಡ್ಡ ಮತ್ತು ಗಡಿಗಳು ಆಯಾ ಕಾಲದಲ್ಲಿ ಎಲ್ಲಿದ್ದವು ಎಂಬುದನ್ನು ಇವು ಅಳತೆಗೆ ತಕ್ಕಂತೆ ತೋರಿಸುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರದೇಶವು ಮೂರು ದೊಡ್ಡ ಬದಲಾವಣೆಗಳನ್ನು ಕಂಡಿತು. ದೇಶೀಯ ಸಂಸ್ಥಾನಗಳು ವಿಲೀನಗೊಂಡವು, ಕಾಲುವೆ ನೀರಾವರಿ ಹರಡಿತು, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯ ಊರುಗಳು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದವು. ಮುಳುಗಡೆಯಾದ ಊರುಗಳ ಮೂಲ ನೆಲೆಯನ್ನು ಇಂದು ನೆಲದ ಮೇಲೆ ನಿಂತು ನೋಡುವಂತಿಲ್ಲ. ಆದ್ದರಿಂದ ಈ ನಕ್ಷೆಗಳಿಗೆ ಇಲ್ಲಿ ವಿಶೇಷ ಮಹತ್ವವಿದೆ.

ಹಿನ್ನೆಲೆ

ಭಾರತೀಯ ಸರ್ವೇಕ್ಷಣಾ ಇಲಾಖೆಯು 1767ರಲ್ಲಿ ಸ್ಥಾಪನೆಯಾಯಿತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆಯನ್ನು ಅಳೆದು ಆರಂಭಿಸಿದ ತ್ರಿಕೋನಮಿತಿ ಮೋಜಣಿಯು ಮುಂದೆ ಇಡೀ ಉಪಖಂಡದ ನಕ್ಷೆಗಳಿಗೆ ಚೌಕಟ್ಟನ್ನು ಒದಗಿಸಿತು. ಗುಡ್ಡದ ನೆತ್ತಿಯಿಂದ ನೆತ್ತಿಗೆ ಕೋನಗಳನ್ನು ಅಳೆದು ಸ್ಥಾನಗಳನ್ನು ನಿರ್ಧರಿಸುವ ಈ ಕ್ರಮದ ಗುರುತುಗಳನ್ನು ಇಂದಿನ ನಕ್ಷೆಗಳಲ್ಲಿಯೂ ಸಣ್ಣ ತ್ರಿಕೋನದ ಚಿಹ್ನೆಯಾಗಿ ಕಾಣಬಹುದು.

ಈ ಪ್ರದೇಶಕ್ಕೆ ಸಂಬಂಧಿಸಿದ ಹಳೆಯ ನಕ್ಷೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಹತ್ತೊಂಬತ್ತನೆಯ ಶತಮಾನದ 'ಅಟ್ಲಾಸ್ ಆಫ್ ಇಂಡಿಯಾ' ಮಾಲಿಕೆ. ಇದರಲ್ಲಿ ಒಂದು ಅಂಗುಲವು ನಾಲ್ಕು ಮೈಲಿಗೆ ಸಮ. ಎತ್ತರವನ್ನು ಸಮೋನ್ನತ ರೇಖೆಗಳ ಬದಲು ಇಳಿಜಾರಿನ ಗೀರುಗಳಿಂದ ಸೂಚಿಸಲಾಗಿದೆ. ಊರುಗಳ ಹೆಸರು ಮತ್ತು ಮುಖ್ಯ ದಾರಿಗಳನ್ನು ತಿಳಿಯಲು ಇದು ಉಪಯುಕ್ತ.

ಎರಡನೆಯದು ಮುಂಬಯಿ ಪ್ರಾಂತದ ಕಂದಾಯ ಮೋಜಣಿಯ ಗ್ರಾಮನಕ್ಷೆಗಳು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಸೀಮೆಯ ಇಂದಾಪುರದಲ್ಲಿ ರೂಪಿಸಿದ ಪದ್ಧತಿಯು ಮುಂದೆ ದಕ್ಷಿಣ ಮರಾಠಾ ಸೀಮೆಗೂ ವಿಸ್ತರಿಸಿತು. ಮೂವತ್ಮೂರು ಅಡಿಯ ಸರಪಳಿಯಿಂದ ಹೊಲಗಳನ್ನು ಅಳೆದು, ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕದಲ್ಲಿ ದಾಖಲಿಸಲಾಯಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು ದೊರೆಯಿತು. ಗ್ರಾಮನಕ್ಷೆಯ ಅಳತೆ ಸಾಮಾನ್ಯವಾಗಿ ಎಂಟು ಅಂಗುಲಕ್ಕೆ ಒಂದು ಮೈಲಿ, ಅಂದರೆ 1:7,920.

ಮೂರನೆಯದು ಇಂದು 'ಟೋಪೋಶೀಟ್' ಎಂದು ಕರೆಯಲಾಗುವ ಭೂಲಕ್ಷಣ ಹಾಳೆಗಳು. 1905ರ ನಂತರ ಇಲಾಖೆಯು ಬಣ್ಣದ, ಸಮೋನ್ನತ ರೇಖೆಗಳುಳ್ಳ ನಕ್ಷೆಗಳ ಮಾಲಿಕೆಯನ್ನು ಕೈಗೊಂಡಿತು. ಇವುಗಳ ಅಳತೆ ಒಂದು ಅಂಗುಲಕ್ಕೆ ಒಂದು ಮೈಲಿ (1:63,360). ಸ್ವಾತಂತ್ರ್ಯಾನಂತರ ಮೆಟ್ರಿಕ್ ಪದ್ಧತಿ ಜಾರಿಗೆ ಬಂದ ಮೇಲೆ ಇವುಗಳ ಸ್ಥಾನದಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಅಳತೆಯ (1:50,000) ಹಾಳೆಗಳು ಬಂದವು.

ಹಾಳೆಗಳ ಸಂಖ್ಯೆ

ಭಾರತ ಮತ್ತು ನೆರೆಯ ದೇಶಗಳ ಮಾಲಿಕೆಯಲ್ಲಿ ನಾಲ್ಕು ಅಂಶ ಉದ್ದ, ನಾಲ್ಕು ಅಂಶ ಅಗಲದ ಪ್ರತಿಯೊಂದು ಚೌಕಕ್ಕೂ ಒಂದು ಸಂಖ್ಯೆಯಿದೆ. ಪೂರ್ವ ರೇಖಾಂಶ 72°ರಿಂದ 76°, ಉತ್ತರ ಅಕ್ಷಾಂಶ 16°ರಿಂದ 20°ವರೆಗಿನ ಚೌಕದ ಸಂಖ್ಯೆ 47. ಅದನ್ನು ಒಂದೊಂದು ಅಂಶದ ಹದಿನಾರು ಭಾಗಗಳಾಗಿ ವಿಂಗಡಿಸಿ ಎ ಇಂದ ಪಿ ವರೆಗಿನ ಅಕ್ಷರಗಳನ್ನು ನೀಡಲಾಗಿದೆ. ಆಗ್ನೇಯ ಮೂಲೆಯ ಭಾಗವೇ 47 ಪಿ. ಈ ನಾಲ್ಕೂ ತಾಲ್ಲೂಕು ಕೇಂದ್ರಗಳು ಅದರೊಳಗೆ ಬರುತ್ತವೆ. 47 ಪಿ ಭಾಗವನ್ನು ಮತ್ತೆ ಹದಿನೈದು ಕಲೆಗಳ ಹದಿನಾರು ಹಾಳೆಗಳಾಗಿ ವಿಂಗಡಿಸಲಾಗಿದೆ. ಸಂಖ್ಯೆಗಳು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುತ್ತವೆ.

• 47 ಪಿ/3: ರಬಕವಿ, ಬನಹಟ್ಟಿ, ಮಹಾಲಿಂಗಪುರ
• 47 ಪಿ/6 ಮತ್ತು 47 ಪಿ/7: ಜಮಖಂಡಿ ಮತ್ತು ಸುತ್ತಲಿನ ಪ್ರದೇಶ
• 47 ಪಿ/7: ಮುಧೋಳ
• 47 ಪಿ/11: ಬೀಳಗಿ
• 47 ಪಿ/15: ಆಲಮಟ್ಟಿ ಅಣೆಕಟ್ಟು

ಜಮಖಂಡಿ ಪಟ್ಟಣವು 16°30' ಅಕ್ಷಾಂಶದ ಆಸುಪಾಸಿನಲ್ಲಿದೆ. ಎರಡು ಹಾಳೆಗಳು ಕೂಡುವುದು ಇದೇ ರೇಖೆಯಲ್ಲಿ. ಹೀಗಾಗಿ ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳನ್ನು ಒಟ್ಟಾಗಿ ನೋಡಲು ಎರಡೂ ಹಾಳೆಗಳನ್ನು ಜೋಡಿಸಿಕೊಳ್ಳಬೇಕಾಗುತ್ತದೆ. ಈ ಅಕ್ಷಾಂಶದಲ್ಲಿ ಒಂದು ಹಾಳೆಯು ತೆಂಕು-ಬಡಗು ಸುಮಾರು 28 ಕಿಲೋಮೀಟರ್, ಮೂಡು-ಪಡು ಸುಮಾರು 27 ಕಿಲೋಮೀಟರ್ ನೆಲವನ್ನು ಒಳಗೊಳ್ಳುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾರ್ವಜನಿಕ ಬಳಕೆಗಾಗಿ ಬಂದ ಹೊಸ ಮಾಲಿಕೆಯ ಸಂಖ್ಯಾಕ್ರಮ ಬೇರೆ. ಅದರಲ್ಲಿ ಈ ಪ್ರದೇಶವು 'ಇ 43' ಚೌಕದಲ್ಲಿದೆ.

ಚಿಹ್ನೆಗಳ ಓದು

ಭೂಲಕ್ಷಣ ಹಾಳೆಯಲ್ಲಿ ಕೆಂಪು ಬಣ್ಣವು ವಸತಿ ಮತ್ತು ರಸ್ತೆಗಳನ್ನು, ನೀಲಿ ಬಣ್ಣವು ನೀರನ್ನು, ಹಳದಿಯು ಸಾಗುವಳಿ ಭೂಮಿಯನ್ನು, ಹಸಿರು ಮರಗಿಡಗಳನ್ನು, ಕಂದು ಬಣ್ಣವು ಸಮೋನ್ನತ ರೇಖೆಗಳನ್ನು ಸೂಚಿಸುತ್ತವೆ. ಹೆಸರು, ಗಡಿ ಮತ್ತು ರೈಲುಮಾರ್ಗಗಳು ಕಪ್ಪು ಬಣ್ಣದಲ್ಲಿರುತ್ತವೆ. ಬೇಸಿಗೆಯಲ್ಲಿ ಬತ್ತುವ ಹಳ್ಳಗಳನ್ನೂ ಕಪ್ಪು ಗೆರೆಯಲ್ಲಿ ತೋರಿಸುವುದು ವಾಡಿಕೆ.

ಗ್ರಾಮೇತಿಹಾಸದ ದೃಷ್ಟಿಯಿಂದ ಸಣ್ಣ ಚಿಹ್ನೆಗಳೇ ಹೆಚ್ಚು ಮಾತನಾಡುತ್ತವೆ. ಗುಡಿ, ಮಸೀದಿ, ಈದ್ಗಾ, ಗೋರಿ, ಕೋಟೆ, ಬಾವಿ, ಕೆರೆಯ ಏರಿ, ದೋಣಿ ದಾಟುವ ಸ್ಥಳ, ಬಂಡಿದಾರಿ, ಕಾಲುದಾರಿ ಇವೆಲ್ಲಕ್ಕೂ ಪ್ರತ್ಯೇಕ ಗುರುತುಗಳಿವೆ. ಊರಿಲ್ಲದ ಕಡೆ ಒಂಟಿ ಗುಡಿ, ಅದರ ಹತ್ತಿರ ಹಳೆಯ ಬಾವಿ, ಅಲ್ಲಿಗೆ ಬಂದು ಸೇರುವ ಮೂರು ನಾಲ್ಕು ಕಾಲುದಾರಿಗಳು ಕಂಡುಬಂದರೆ ಆ ಸ್ಥಳದಲ್ಲಿ ಹಿಂದೆ ಊರು ಇದ್ದಿರಬಹುದೆಂದು ಊಹಿಸಲು ಅವಕಾಶವಿದೆ. ಇಂಥ ಸ್ಥಳಗಳನ್ನು ಆಡುಮಾತಿನಲ್ಲಿ 'ಹಾಳೂರು' ಎನ್ನುತ್ತಾರೆ. ಜನವಸತಿಯಿಲ್ಲದ ಗ್ರಾಮವು ಕಂದಾಯ ದಾಖಲೆಗಳಲ್ಲಿ 'ಬೇಚರಾಕ್' ಎಂದು ದಾಖಲಾಗಿರುತ್ತದೆ. ಆಗಿನ ಕಲಾದಗಿ ಜಿಲ್ಲೆಯು 1876-78ರ ಬರಗಾಲದಲ್ಲಿ ಅಪಾರ ಜನರನ್ನು ಕಳೆದುಕೊಂಡಿತು. ಆದರೆ ಪ್ರತಿ ಹಾಳೂರನ್ನೂ ಆ ಬರದ ಲೆಕ್ಕಕ್ಕೆ ಸೇರಿಸಲಾಗದು. ರೋಗ, ನೀರಿನ ಕೊರತೆ, ಕೊಳ್ಳೆ ಅಥವಾ ಸಮೀಪದ ದೊಡ್ಡ ಊರಿನ ಆಕರ್ಷಣೆಯೂ ಕಾರಣವಾಗಿರಬಹುದು.

ಸಂಸ್ಥಾನಗಳ ಗಡಿಗಳು

1948ಕ್ಕಿಂತ ಹಿಂದಿನ ಹಾಳೆಗಳಲ್ಲಿ ಮೊದಲು ಗಮನ ಸೆಳೆಯುವುದು ಗಡಿಗೆರೆಗಳ ಜಟಿಲತೆ. ಇಂದು ಒಂದೇ ಜಿಲ್ಲೆಯಲ್ಲಿರುವ ಈ ನೆಲ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಮಹಾಲಿಂಗಪುರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯು ನೇರ ಬ್ರಿಟಿಷ್ ಆಡಳಿತದಲ್ಲಿದ್ದು, ಬಾಗಲಕೋಟೆ ತಾಲ್ಲೂಕಿನ ಒಂದು ಪೇಟೆಯಾಗಿತ್ತು. ಇಲ್ಲಿ 'ಪೇಟೆ' ಎಂದರೆ ಉಪವಿಭಾಗ. ಆ ಜಿಲ್ಲೆಯ ಕೇಂದ್ರ ಮೊದಲು ಕಲಾದಗಿ; 1885ರಲ್ಲಿ ಅದು ವಿಜಾಪುರಕ್ಕೆ ವರ್ಗವಾಗಿ ಜಿಲ್ಲೆಯ ಹೆಸರೂ ಬದಲಾಯಿತು.

ರಬಕವಿ ಮತ್ತು ಬನಹಟ್ಟಿ ಇದಕ್ಕೆ ಉತ್ತಮ ನಿದರ್ಶನ. ನೇಕಾರಿಕೆಗೆ ಹೆಸರಾದ ಈ ಅವಳಿ ಪಟ್ಟಣಗಳು ಇಂದು ಒಂದೇ ನಗರಸಭೆಗೆ ಒಳಪಟ್ಟಿವೆ. ಆದರೆ ರಬಕವಿಯು ತೇರದಾಳದೊಂದಿಗೆ ಸಾಂಗ್ಲಿ ಸಂಸ್ಥಾನಕ್ಕೂ, ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಹೀಗಾಗಿ ಒಂದೇ ಕಸುಬಿನ, ಒಂದೇ ಭಾಷೆಯ ಎರಡು ನೆರೆಯೂರುಗಳ ಹಳೆಯ ಕಾಗದಪತ್ರಗಳನ್ನು ಎರಡು ದರ್ಬಾರುಗಳ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ. ಅವುಗಳಲ್ಲಿ ಬಹಳಷ್ಟು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿವೆ. ಯಾವ ಊರು ಯಾವ ಸಂಸ್ಥಾನದಲ್ಲಿತ್ತು ಎಂಬುದನ್ನು ಹಾಳೆಯಲ್ಲಿ ಮೊದಲೇ ಗುರುತಿಸಿಕೊಂಡರೆ ಹುಡುಕಾಟ ಸುಲಭವಾಗುತ್ತದೆ.

ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ರಬಕವಿ-ಬನಹಟ್ಟಿ ಪ್ರತ್ಯೇಕ ತಾಲ್ಲೂಕಾದುದು ಅದಕ್ಕೂ ಈಚೆಗೆ. ಆದ್ದರಿಂದ ಹಾಳೆಯ ಅಂಚಿನಲ್ಲಿರುವ ಆಡಳಿತ ಸೂಚಿಯನ್ನು ನೋಡದೆ ಹಳೆಯ ಊರುಗಳ ತಾಲ್ಲೂಕನ್ನು ನಿರ್ಧರಿಸುವುದು ತಪ್ಪಿಗೆ ದಾರಿಯಾಗುತ್ತದೆ.

ಐತಿಹಾಸಿಕ ಘಟನೆಗಳ ಅಧ್ಯಯನಕ್ಕೂ ಈ ಗಡಿಗಳು ಬೆಳಕು ಚೆಲ್ಲುತ್ತವೆ. ನಿಶ್ಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿ 1857ರ ನವೆಂಬರಿನಲ್ಲಿ ಬೇಡರು ದಂಗೆಯೆದ್ದ ಹಲಗಲಿ ಮುಧೋಳ ಸಂಸ್ಥಾನದ ಊರು. ಹಲಗಲಿಯ ಲಾವಣಿಯನ್ನು ಕನ್ನಡ ಶಾಲೆಗಳಲ್ಲಿ ಓದಿದವರು ಬಹಳ. ನಕ್ಷೆಯ ಮೇಲೆ ಆ ಊರನ್ನು ಹುಡುಕಿದವರು ವಿರಳ. ಹಲಗಲಿ, ಮುಧೋಳ, ಬಾಗಲಕೋಟೆ ಮತ್ತು ಕಲಾದಗಿಗಳನ್ನು ಹಾಳೆಯಲ್ಲಿ ಗುರುತಿಸಿ, ನಡುವಿನ ದಾರಿ ಹಾಗೂ ಗುಡ್ಡಗಳನ್ನು ನೋಡಿದರೆ ಸಂಸ್ಥಾನದ ಊರೊಂದರ ಮೇಲೆ ಬ್ರಿಟಿಷ್ ಸೇನೆ ನಡೆದುಬಂದ ಬಗೆ ಹೆಚ್ಚು ಸ್ಪಷ್ಟವಾಗುತ್ತದೆ.

ನೆಲ ಮತ್ತು ನೀರಾವರಿ

ಪ್ರದೇಶದ ದಕ್ಷಿಣ ಭಾಗದಲ್ಲಿ ಕಲಾದಗಿ ಶ್ರೇಣಿಯ ಶಿಲೆಗಳ ಗುಡ್ಡಸಾಲುಗಳಿವೆ. ಈ ಶ್ರೇಣಿಗೆ ಕಲಾದಗಿಯ ಹೆಸರನ್ನಿಟ್ಟು 1876ರಲ್ಲಿ ವಿವರಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಕ್ಷೆಯಲ್ಲಿ ಸಮೋನ್ನತ ರೇಖೆಗಳು ಒತ್ತಾಗಿರುವಲ್ಲಿ ಗುಡ್ಡ ಅಥವಾ ಕಡಿದಾದ ಇಳಿಜಾರು, ವಿರಳವಾಗಿರುವಲ್ಲಿ ಬಯಲು ಎಂದು ತಿಳಿಯಬೇಕು. ನದಿಗಳ ಬದಿಯ ಎರೆಭೂಮಿ ಮತ್ತು ಎತ್ತರದ ಮಡ್ಡಿಗಳ ವ್ಯತ್ಯಾಸವು ಈ ರೇಖೆಗಳಲ್ಲಿಯೂ ಊರುಗಳ ಹಂಚಿಕೆಯಲ್ಲಿಯೂ ಕಾಣುತ್ತದೆ. ದೊಡ್ಡ ಊರುಗಳು ಹೆಚ್ಚಾಗಿ ನೀರಿನ ಬದಿಯಲ್ಲಿವೆ. ಮಡ್ಡಿಯ ಮೇಲೆ ವಸತಿ ತೆಳುವಾಗಿದೆ.

ಬೇರೆ ಬೇರೆ ಕಾಲದ ಹಾಳೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನೀರಾವರಿಯ ವಿಸ್ತರಣೆ ತಿಳಿಯುತ್ತದೆ. ಗೋಕಾಕ ಸಮೀಪದ ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯು ಹಿಡಕಲ್ ಜಲಾಶಯದ ನಿರ್ಮಾಣದೊಂದಿಗೆ ವಿಸ್ತಾರಗೊಂಡು ಮುಧೋಳ, ಜಮಖಂಡಿ ಮತ್ತು ಬೀಳಗಿ ಭಾಗಗಳಿಗೆ ನೀರು ತಂದಿತು. ಹಿಂದೆ ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ಬಂದಿತು. ಸಕ್ಕರೆ ಕಾರ್ಖಾನೆಯೊಂದಿಗೆ ಬೆಳೆದ ಸಮೀರವಾಡಿಯಂಥ ವಸತಿಯನ್ನು ಬ್ರಿಟಿಷರ ಕಾಲದ ಹಾಳೆಗಳಲ್ಲಿ ಹುಡುಕಿದರೆ ಫಲವಿಲ್ಲ. ಅಂಥ ಗೈರುಹಾಜರಿಯೂ ಒಂದು ಐತಿಹಾಸಿಕ ಮಾಹಿತಿಯೇ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಬಳಿ ಕೃಷ್ಣೆಗೆ ಅಡ್ಡಲಾಗಿ ರೈತರೇ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಹಣ ಮತ್ತು ಶ್ರಮವನ್ನು ಕೂಡಿಸಿ 1989ರಲ್ಲಿ ಕಟ್ಟಿದ 'ಶ್ರಮಬಿಂದು ಸಾಗರ' ಬ್ಯಾರೇಜು ಇನ್ನೊಂದು ಗುರುತು. ಅದಕ್ಕಿಂತ ಹಿಂದಿನ ಹಾಳೆಗಳಲ್ಲಿ ಅಲ್ಲಿರುವುದು ನದಿ ಮಾತ್ರ. ಬ್ಯಾರೇಜಿನ ಮೇಲ್ಭಾಗದ ನದಿಪಾತ್ರವು ಹಳೆಯ ಮತ್ತು ಹೊಸ ಹಾಳೆಗಳಲ್ಲಿ ಹೇಗೆ ಬೇರೆಯಾಗಿದೆ ಎಂಬುದನ್ನು ಹೋಲಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

ಮುಳುಗಡೆಯಾದ ನೆಲ

ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಜಲಾಶಯದ ಈಗಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.6 ಮೀಟರ್. ಇದರ ಹಿನ್ನೀರು ಕೃಷ್ಣಾ ಮತ್ತು ಘಟಪ್ರಭಾ ಎರಡೂ ಕಣಿವೆಗಳಲ್ಲಿ ಮೇಲಕ್ಕೆ ಚಾಚಿದೆ. ಎರಡು ನದಿಗಳ ನಡುವಿನ ಬೀಳಗಿ ತಾಲ್ಲೂಕು ಎರಡೂ ಕಡೆಯಿಂದ ನೆಲ ಕಳೆದುಕೊಂಡಿತು. ಘಟಪ್ರಭೆಯು ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಪರಿಸರವೂ ಹಿನ್ನೀರಿಗೆ ಒಳಗಾಯಿತು. ಬಾಗಲಕೋಟೆ ನಗರದ ಒಂದು ಭಾಗ ಮುಳುಗಡೆಯಾಗಿ ನವನಗರ ನಿರ್ಮಾಣಗೊಂಡಿತು. ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡರು. ಅನೇಕ ಕಡೆ ಹೊಸ ವಸತಿಗೂ ಹಳೆಯ ಊರಿನ ಹೆಸರೇ ಉಳಿದಿದೆ. ಹೀಗಾಗಿ ಒಂದೇ ಹೆಸರು ಹಳೆಯ ಹಾಳೆಯಲ್ಲಿ ನದಿಯ ದಂಡೆಯಲ್ಲಿಯೂ, ಹೊಸ ಹಾಳೆಯಲ್ಲಿ ಎತ್ತರದ ಮಡ್ಡಿಯ ಮೇಲೆಯೂ ಕಾಣಬಹುದು.

ಮುಳುಗಿದ ನೆಲದ ಅಂಚನ್ನು ಹಳೆಯ ಹಾಳೆಯ ಮೇಲೆಯೇ ಗುರುತಿಸಬಹುದು. ಜಲಾಶಯದ ನೀರಿನ ಮೇಲ್ಮೈ ಹೆಚ್ಚುಕಡಿಮೆ ಸಮತಲವಾಗಿರುವುದರಿಂದ ಅದರ ಅಂಚು ಒಂದು ಸಮೋನ್ನತ ರೇಖೆಯನ್ನು ಅನುಸರಿಸುತ್ತದೆ. 519.6 ಮೀಟರ್ ಎಂದರೆ ಸುಮಾರು 1,705 ಅಡಿ. ಅಡಿಯ ಲೆಕ್ಕದ ಒಂದು ಅಂಗುಲದ ಹಾಳೆಗಳಲ್ಲಿ 1,700 ಅಡಿಯ ರೇಖೆಯೂ, 1:50,000 ಅಳತೆಯ ಹಾಳೆಗಳಲ್ಲಿ 520 ಮೀಟರಿನ ರೇಖೆಯೂ ಇದಕ್ಕೆ ಅತ್ಯಂತ ಸಮೀಪದವು. ಆ ರೇಖೆಯನ್ನು ಬಣ್ಣದ ಪೆನ್ಸಿಲಿನಿಂದ ತಿದ್ದುತ್ತ ಹೋದರೆ ಅದರ ಕೆಳಗೆ ಉಳಿಯುವ ಊರು, ಗುಡಿ, ಬಾವಿ, ದೋಣಿಯ ದಾರಿಗಳ ಪಟ್ಟಿ ದೊರೆಯುತ್ತದೆ. ಸ್ಥಳಾಂತರಗೊಂಡ ಕುಟುಂಬಗಳ ಹೊಸ ತಲೆಮಾರಿಗೆ ತಮ್ಮ ಹಿರಿಯರ ಊರಿನ ವಿನ್ಯಾಸವನ್ನು ತೋರಿಸಬಲ್ಲ ಕೆಲವೇ ಸಾಧನಗಳಲ್ಲಿ ಇದೂ ಒಂದು.

ಈ ವಿಧಾನಕ್ಕೆ ಇಂದಿನ ಬಳಕೆಯೂ ಇದೆ. ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿಗೆ ಸೀಮಿತಗೊಳಿಸಿತ್ತು. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ 524.256 ಮೀಟರಿಗೆ ಏರಿಸಲು ಅವಕಾಶ ನೀಡಿತು. ವಿಚಿತ್ರವಾಗಿ ತೋರುವ ಈ ಸಂಖ್ಯೆಯು ಸರಿಯಾಗಿ 1,720 ಅಡಿಗೆ ಸಮ. ಎರಡು ಮಟ್ಟಗಳ ನಡುವಿನ ಅಂತರ ಐದು ಮೀಟರಿಗಿಂತ ಕಡಿಮೆಯಾದರೂ, ಇಳಿಜಾರು ಅತ್ಯಲ್ಪವಾಗಿರುವ ಎರೆಬಯಲಿನಲ್ಲಿ ಅದು ವಿಶಾಲವಾದ ನೆಲವನ್ನು ಒಳಗೊಳ್ಳುತ್ತದೆ. ಮಟ್ಟ ಏರಿದರೆ ಮುಳುಗುವ ಪಟ್ಟಿಯು ಯಾವ ಕಡೆ ಅಗಲ, ಯಾವ ಕಡೆ ಕಿರಿದು ಎಂಬ ಸ್ಥೂಲ ಕಲ್ಪನೆಯನ್ನು ರೇಖೆಗಳ ಅಂತರವೇ ನೀಡುತ್ತದೆ. ನಿಖರ ಗಡಿಗೆ ಮಾತ್ರ ಯೋಜನೆಯ ಅಧಿಕೃತ ಮೋಜಣಿಯನ್ನೇ ನೋಡಬೇಕು.

ಅಧ್ಯಯನ ಕ್ರಮ

ಒಂದು ಊರಿನ ಇತಿಹಾಸವನ್ನು ನಕ್ಷೆಗಳ ನೆರವಿನಿಂದ ತಿಳಿಯಬಯಸುವವರು ಸಾಮಾನ್ಯವಾಗಿ ಈ ಕ್ರಮವನ್ನು ಅನುಸರಿಸಬಹುದು.

1. ಊರಿನ ಅಕ್ಷಾಂಶ ಮತ್ತು ರೇಖಾಂಶಗಳಿಂದ ಹಾಳೆಯ ಸಂಖ್ಯೆಯನ್ನು ಕಂಡುಕೊಳ್ಳುವುದು.
2. ಹಾಳೆಯ ಅಂಚಿನಲ್ಲಿ ಮೋಜಣಿಯ ವರ್ಷ ಮತ್ತು ಮುದ್ರಣದ ವರ್ಷವನ್ನು ಬೇರೆ ಬೇರೆಯಾಗಿ ಬರೆದುಕೊಳ್ಳುವುದು. ನಕ್ಷೆಯು ತೋರಿಸುವುದು ಮೋಜಣಿ ನಡೆದ ವರ್ಷದ ಸ್ಥಿತಿಯನ್ನು.
3. ಕನಿಷ್ಠ ಎರಡು ಕಾಲದ ಹಾಳೆಗಳನ್ನು ಹೋಲಿಸಿ, ಉಳಿದದ್ದು, ಅಳಿದದ್ದು ಮತ್ತು ಹೊಸದಾಗಿ ಬಂದದ್ದನ್ನು ಮೂರು ಪಟ್ಟಿಗಳಲ್ಲಿ ದಾಖಲಿಸುವುದು.
4. ಗ್ರಾಮನಕ್ಷೆಯಲ್ಲಿ ಗಾಂವಠಾಣ, ಹಳ್ಳ, ಬಂಡಿದಾರಿ ಮತ್ತು ಸರ್ವೆ ನಂಬರುಗಳನ್ನು ನೋಡಿ ಭೂಲಕ್ಷಣ ಹಾಳೆಯೊಂದಿಗೆ ತಾಳೆ ಹಾಕುವುದು.
5. ಶಾಸನ, ಗ್ಯಾಸೆಟಿಯರ್, ಜನಗಣತಿ ಮತ್ತು ಲಾವಣಿಗಳಲ್ಲಿ ಬರುವ ಹೆಸರುಗಳನ್ನು ಸೇರಿಸುವುದು. ವಿಜಾಪುರ ಜಿಲ್ಲೆಯ ಮುಂಬಯಿ ಗ್ಯಾಸೆಟಿಯರ್ ಸಂಪುಟ 1884ರಲ್ಲಿ ಪ್ರಕಟವಾಗಿದೆ.
6. ಹಾಳೆಯೊಂದಿಗೆ ಊರಿಗೆ ಹೋಗಿ ಹಿರಿಯರನ್ನು ಕೇಳುವುದು. ಹೊಲ, ಹಳ್ಳ ಮತ್ತು ಒಡ್ಡುಗಳ ಹೆಸರುಗಳಲ್ಲಿ ಬಹುಪಾಲು ಯಾವ ನಕ್ಷೆಯಲ್ಲಿಯೂ ಇಲ್ಲ. ಅವು ಜನರ ಬಾಯಲ್ಲಿ ಮಾತ್ರ ಇವೆ.

ಗಣಕಯಂತ್ರದಲ್ಲಿ ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸಲು ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶ ದೊರೆಯುತ್ತದೆ. ಜೋಡಣೆಯ ಬಿಂದುಗಳಾಗಿ ಹಳೆಯ ಗುಡಿ, ಕೋಟೆ, ಗುಡ್ಡದ ನೆತ್ತಿಯ ತ್ರಿಕೋನಬಿಂದು ಮುಂತಾದ ಕದಲದ ಗುರುತುಗಳನ್ನು ಆರಿಸಬೇಕು. ನದಿಯ ತಿರುವುಗಳು ಇದಕ್ಕೆ ತಕ್ಕವಲ್ಲ. ಹಳೆಯ ಹಾಳೆಗಳು ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿವೆ. ಇಂದಿನ ಉಪಗ್ರಹ ಸ್ಥಾನಸೂಚಕಗಳ ಆಧಾರ ಬೇರೆ. ಈ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ಸ್ಥಾನಗಳು ಪಕ್ಕಕ್ಕೆ ಸರಿದಂತೆ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ನಕ್ಷೆಗಳಲ್ಲಿ ಮದ್ರಾಸಿನ ರೇಖಾಂಶದ ಹಳೆಯ ಬೆಲೆಯಿಂದಾಗಿ ಸುಮಾರು ಎರಡೂವರೆ ಕಲೆಗಳಷ್ಟು ದೋಷವಿರುವುದೂ ಉಂಟು. ಈ ಅಕ್ಷಾಂಶದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು.

ಅಣೆಕಟ್ಟಿಗೆ ಮುಂಚಿನ ನೆಲವನ್ನು ನೋಡಲು 1960ರಿಂದ 1972ರವರೆಗೆ ಅಮೆರಿಕದ 'ಕರೋನಾ' ಉಪಗ್ರಹಗಳು ತೆಗೆದ ಚಿತ್ರಗಳೂ ನೆರವಾಗುತ್ತವೆ. ಇವುಗಳನ್ನು 1995ರಲ್ಲಿ ಸಾರ್ವಜನಿಕಗೊಳಿಸಲಾಯಿತು.

ಲಭ್ಯತೆ

ಭಾರತೀಯ ಸರ್ವೇಕ್ಷಣಾ ಇಲಾಖೆಯು ಈಗಿನ ಸಾರ್ವಜನಿಕ ಮಾಲಿಕೆಯ ಹಾಳೆಗಳನ್ನು ತನ್ನ ಜಾಲತಾಣದ ಮೂಲಕ ಒದಗಿಸುತ್ತದೆ. 2021ರ ಮಾರ್ಗಸೂಚಿಗಳು ನಕ್ಷೆಗಳ ಬಳಕೆಯ ಮೇಲಿದ್ದ ನಿರ್ಬಂಧಗಳನ್ನು ಬಹಳಷ್ಟು ಸಡಿಲಿಸಿವೆ. ಅಮೆರಿಕದ ಸೇನಾ ನಕ್ಷೆ ವಿಭಾಗವು 1950ರ ದಶಕದಲ್ಲಿ ಭಾರತೀಯ ಹಾಳೆಗಳನ್ನು ಆಧರಿಸಿ ಸಿದ್ಧಪಡಿಸಿದ 1:250,000 ಅಳತೆಯ ಮಾಲಿಕೆಯು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿದೆ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಹಳೆಯ ಮೂಲ ಹಾಳೆಗಳಿವೆ. ಗ್ರಾಮನಕ್ಷೆಗಳು ಕರ್ನಾಟಕದ ಭೂಮಾಪನ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಲಭ್ಯ. ಟಿಪ್ಪಣಿ, ಆಕಾರಬಂದ್ ಮುಂತಾದ ಮೂಲ ದಾಖಲೆಗಳ ಪ್ರತಿಗಳಿಗೆ ತಾಲ್ಲೂಕಿನ ಭೂದಾಖಲೆಗಳ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಇಲಾಖೆಗಾಗಿ ರೂಪಿಸಲಾದ 'ದಿಶಾಂಕ್' ಆ್ಯಪ್‌ನಲ್ಲಿ ನಿಂತ ಸ್ಥಳದ ಸರ್ವೆ ನಂಬರನ್ನು ತಿಳಿಯಬಹುದು.

ಮಿತಿಗಳು

ಭೂಲಕ್ಷಣ ನಕ್ಷೆಗಳು ಸೇನೆ ಮತ್ತು ಆಡಳಿತದ ಅಗತ್ಯಗಳಿಗಾಗಿ ಸಿದ್ಧವಾದವು. ಗ್ರಾಮನಕ್ಷೆಗಳು ಕಂದಾಯ ವಸೂಲಿಗಾಗಿ ಸಿದ್ಧವಾದವು. ಆದ್ದರಿಂದ ಊರೊಳಗಿನ ಓಣಿ-ಕೇರಿಗಳು, ಅವುಗಳ ಜಾತಿ ವಿಂಗಡಣೆ, ಹೆಂಗಸರು ನೀರಿಗೆ ಹೋಗುತ್ತಿದ್ದ ದಾರಿ, ಕುರಿಗಾರರ ತಂಗುದಾಣಗಳು ಇವುಗಳಲ್ಲಿ ಕಾಣುವುದು ಅಪರೂಪ. ಮೋಜಣಿದಾರರು ಕೇಳಿ ಬರೆದುಕೊಂಡ ಹೆಸರುಗಳು ಮರಾಠಿ ಮತ್ತು ಇಂಗ್ಲಿಷ್ ಬರವಣಿಗೆಯ ಮೂಲಕ ರೂಪ ಬದಲಿಸಿವೆ. ಹಿರೇಪಡಸಲಗಿ, ಚಿಕ್ಕಪಡಸಲಗಿಯಂಥ ಜೋಡಿ ಹೆಸರುಗಳಲ್ಲಿ ಯಾವುದು ಯಾವುದೆಂದು ಸ್ಥಾನ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ನಕ್ಷೆಯಲ್ಲಿ ಚಿಹ್ನೆಯಿಲ್ಲವೆಂಬ ಮಾತ್ರಕ್ಕೆ ಆ ಸ್ಥಳದಲ್ಲಿ ಏನೂ ಇರಲಿಲ್ಲವೆಂದು ತೀರ್ಮಾನಿಸಲಾಗದು.

ಭೂಲಕ್ಷಣ ಹಾಳೆಯು ಜಮೀನಿನ ಹಕ್ಕಿನ ದಾಖಲೆಯಲ್ಲ. ಹೊಲದ ಗಡಿ, ಒಡೆತನ ಅಥವಾ ಮುಳುಗಡೆ ಪರಿಹಾರದ ವಿಷಯದಲ್ಲಿ ಭೂದಾಖಲೆಗಳ ಕಚೇರಿಯ ದೃಢೀಕೃತ ಪ್ರತಿಗಳೇ ಆಧಾರ. ಹಕ್ಕುಪತ್ರಗಳಲ್ಲಿ ಸಿಗದ ಮಾಹಿತಿಗಾಗಿ ಈ ಹಾಳೆಯನ್ನು ನೋಡಬೇಕು: ಊರು ಎಲ್ಲಿತ್ತು, ಅದರ ಗುಡಿ ಯಾವ ದಿಕ್ಕಿನಲ್ಲಿತ್ತು, ಅಲ್ಲಿಂದ ಹೊಳೆಗೆ ಯಾವ ದಾರಿ ಇಳಿಯುತ್ತಿತ್ತು ಎಂಬುದನ್ನು ಅದು ತಿಳಿಸುತ್ತದೆ.